ಮುಡಿ ಕೊಟ್ಟ ಮೇಲಿನ ಶೂಟಿಂಗ್

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ಹೊಳೆನರಸೀಪುರದ ಸಂಗೀತದ ಮೇಷ್ಟ್ರು. ಎರಡನೆಯವರು ನಮ್ಮ ಭಾವ. ಭಾವ ಯಾವ ಕೆಲಸಕ್ಕೂ ಆಗುತ್ತದೆ ಎಂದವರೇ ಅಲ್ಲ, ಅವರನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಮೇಷ್ಟ್ರ ಮಾತು ಮಾತ್ರ ನಾಟಿತು.

"ನಿಮ್ಮ ಕಡೆ ಮಕ್ಕಳಿಗೆ ಹಕಾರ ಹೊರಡೋದೇ ಇಲ್ಲವಲ್ಲಮ್ಮ," ಎಂದರು, ತಮ್ಮ ಮನೆಯ ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ. "ಹರಿ ಅಂತ ಹೇಳಿಕೊಟ್ಟರೆ ಅರಿ ಅಂತಾವೆ. ದೇವರ ಹೆಸರೇ ನೆಟ್ಟಗೆ ಬರದೆ ಹೋದರೆ ದೇವರ ಹಾಡು ಹೇಗೆ ಹಾಡಿಸ್ತೀರಿ?"

"ನಾನೂ ಹೈಸ್ಕೂಲು ಮುಗಿಸೋವರೆಗೆ ಅರಿ ಅಂತಲೇ ಅಂತಿದ್ದೆ ಸಾರ್. ಈಗ ಬಿ.ಎ., ಬಿ.ಎಡ್. ಮಾಡಿ ಮೇಷ್ಟ್ರಾಗಿದೀನಿ."

ಅವರು ನಕ್ಕುಬಿಟ್ಟರು. "ಸರಿ, ಕರಕೊಂಡು ಬನ್ನಿ. ನಗೋದಾದರೆ ಎಲ್ಲರೂ ಕೂತು ನಗೋಣ."

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಸನದ ಹಾಸ್ಟೆಲಿನಲ್ಲಿ ನೀರು ಸಾರು ಉಂಡುಕೊಂಡು ಓದಿದೆ. ನಾನು ಓದಿದ್ದು ನನ್ನ ಅಕ್ಕ ಓದದೆ ಹೋದದ್ದರಿಂದ. ನಾಲ್ಕನೇ ಕ್ಲಾಸಿಗೆ ಅವಳನ್ನು ಬಿಡಿಸಿ ಮನೆ ಕೆಲಸಕ್ಕೆ, ಹೊಗೆಸೊಪ್ಪಿನ ಕೆಲಸಕ್ಕೆ ಹಚ್ಚಿದರು. ಒಬ್ಬಳಾದರೂ ಶಾಲೆಗೆ ಹೋಗಲಿ ಎಂದು ಅಪ್ಪನ ಹತ್ತಿರ ಜಗಳ ಆಡಿದವಳು ಅವಳೇ. ಅವಳನ್ನು ಅರಕಲಗೂಡಿನ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನನಗೆ ಕೆಲಸ ಸಿಕ್ಕಿದ್ದು ಅದೇ ಹಳ್ಳಿಯ ಸರ್ಕಾರಿ ಶಾಲೆಗೆ. ಅಕ್ಕನ ಮಗಳು ನನ್ನ ಕ್ಲಾಸಿನಲ್ಲೇ ಕೂರುತ್ತಿದ್ದಳು. ಶಾಲೆಯಲ್ಲಿ "ಮಿಸ್", ಹೊಸಲು ದಾಟಿದರೆ "ಚಿಕ್ಕವ್ವ".

ಆ ಹುಡುಗಿಗೆ ಕಂಠವಿತ್ತು. ಹಾಡು ಕಲಿತದ್ದು ಯಾವ ಪಾಠದಿಂದಲೂ ಅಲ್ಲ. ಹೊಗೆಸೊಪ್ಪು ಕೊಯ್ದು ತಂದ ದಿನ, ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಹೆಂಗಸರು ಸಾಲಾಗಿ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಕೈ ಅಂಟು ಅಂಟಾಗಿ ಕಪ್ಪಾಗುತ್ತದೆ, ಬೇಸರ ಬರುತ್ತದೆ. ಆಗ ಅಕ್ಕ ಭಜನೆಮನೆಯ ಪದ ಹೇಳುತ್ತಿದ್ದಳು. ಶನಿವಾರ ಸಂಜೆ ಗಂಡಸರು ಒಳಗೆ ಹಾಡುವುದನ್ನು ಹೊರಗಿನ ಕಟ್ಟೆಯ ಮೇಲೆ ಕೂತು ಕೇಳಿ ಹಿಡಿದುಕೊಂಡ ಪದಗಳು. ಅವನ್ನು ಮಗಳು ಎತ್ತಿಕೊಂಡಳು. ತಾಯಿ ಒಂದು ಸಾಲು ಹೇಳುವಷ್ಟರಲ್ಲಿ ಮಗಳು ಮುಂದಿನ ಸಾಲಿಗೆ ಹೋಗಿ ಕಾಯುತ್ತಿದ್ದಳು.

ಅದೇ ಹೊತ್ತಿಗೆ ಹಾಸನದ ಒಂದು ಭಜನಾ ಸಮಿತಿಯವರು ಹೊಸ ಯೋಚನೆ ಮಾಡಿದ್ದರು. ಧನುರ್ಮಾಸದ ಬೆಳಗಿನ ಹೊತ್ತು ಲೋಕಲ್ ಕೇಬಲ್ಲಿನಲ್ಲಿ ಹಾಕಲು ತಾಲೂಕಿಗೊಂದು ಮಕ್ಕಳ ತಂಡದಿಂದ ದೇವರ ಹಾಡು ಹಾಡಿಸಿ ವಿಡಿಯೊ ಮಾಡುವುದು. ಆಮೇಲೆ ಎಲ್ಲ ಸೇರಿಸಿ ಸಿ.ಡಿ. ತರುವುದು. ಆಗಿನ್ನೂ ನಮ್ಮ ಹಳ್ಳಿಯಲ್ಲಿ ಸಿ.ಡಿ. ಎಂದರೆ ಮುಖ ನೋಡಿಕೊಳ್ಳುವ ಕನ್ನಡಿ. ಅರಕಲಗೂಡಿನಿಂದ ನಮ್ಮ ಶಾಲೆಯ ಹೆಸರು ನಾನೇ ಕೊಟ್ಟು ಬಂದೆ. ಮಕ್ಕಳನ್ನು ತಿದ್ದುವುದಕ್ಕೆ ಸಮಿತಿಯವರು ತೋರಿಸಿದ್ದು ಹೊಳೆನರಸೀಪುರದ ಆ ಮೇಷ್ಟ್ರನ್ನು.

ಹಕಾರವನ್ನು ನಾನೇ ಕಲಿಸಿದೆ. ಬಾಯಿಯ ಮುಂದೆ ಅಂಗೈ ಹಿಡಿದುಕೊಳ್ಳಿ, ಹರಿ ಅಂದಾಗ ಕೈಗೆ ಬಿಸಿ ಉಸಿರು ತಾಗಬೇಕು, ತಾಗದಿದ್ದರೆ ಅದು ಅರಿ ಎಂದೆ. ಒಂದು ವಾರ ಇಡೀ ಶಾಲೆ ಅಂಗೈ ಊದಿಕೊಂಡು ಓಡಾಡಿತು. ಹುಡುಗರು ಹಕಾರ ಬೇಡದ ಕಡೆಯೂ ಹಾಕಿ "ಹಿಡ್ಲಿ, ಹುಪ್ಪಿಟ್ಟು" ಎಂದು ತಮಾಷೆ ಮಾಡಿದರು. ಅಕ್ಕನ ಮಗಳಿಗೆ ಎರಡನೇ ದಿನಕ್ಕೇ ಬಂತು. ಮೇಷ್ಟ್ರು ಅವಳ ಹಾಡು ಕೇಳಿ ಎಲೆ ಜಗಿಯುವುದನ್ನು ನಿಲ್ಲಿಸಿದರು. "ಈ ಮಗು ಮುಂದೆ, ಮಿಕ್ಕವರು ಹಿಂದೆ," ಎಂದರು. ನಗುವ ಮಾತು ಅಲ್ಲಿಗೆ ಮುಗಿಯಿತು.

ಅವಳು ಆ ಮಾತನ್ನು ಊರಿಗೆಲ್ಲ ಹಂಚಿದಳು. ಟೀವಿಯಲ್ಲಿ ತಾನು ಮುಂದೆ ನಿಲ್ಲುವವಳು. ಹಸಿರು ಲಂಗ, ಜಡೆಗೆ ಕುಚ್ಚು. ಉದ್ದ ಜಡೆ ಅವಳದು, ಸೊಂಟ ಮುಟ್ಟುತ್ತಿತ್ತು. ಯಾವ ಹೂವು ಮುಡಿಯಬೇಕೆಂದು ದಿನಕ್ಕೊಂದು ಹೇಳುತ್ತಿದ್ದಳು. ಹತ್ತು ವರ್ಷದ ಹುಡುಗಿ, ಹಾಸನವನ್ನೇ ಕಂಡವಳಲ್ಲ.

ದೇವರ ಹಾಡಿನ ವಿಡಿಯೊ ಮಾಡುವ ಕ್ರಮ ಆಗ ಹೀಗಿತ್ತು. ಮೊದಲು ಸ್ಟುಡಿಯೋದಲ್ಲಿ ಹಾಡನ್ನು ಮಾತ್ರ ರೆಕಾರ್ಡ್ ಮಾಡುತ್ತಿದ್ದರು. ಹತ್ತು ಹದಿನೈದು ದಿನ ಬಿಟ್ಟು ಗುಡಿಯ ಹತ್ತಿರವೋ ಹೊಳೆಯ ಹತ್ತಿರವೋ ಆ ಹಾಡನ್ನು ಟೇಪಿನಲ್ಲಿ ಜೋರಾಗಿ ಹಾಕಿ, ಮಕ್ಕಳು ಅದಕ್ಕೆ ಸರಿಯಾಗಿ ಬಾಯಿ ಆಡಿಸುವಾಗ ಚಿತ್ರ ತೆಗೆಯುತ್ತಿದ್ದರು.

ರೆಕಾರ್ಡಿಂಗಿನ ವಾರ ಹುಡುಗಿಗೆ ಗಂಟಲು ಕಟ್ಟಿತು. ಬ್ಯಾರನ್ನಿಗೆ ಬೆಂಕಿ ಹಾಕಿದ್ದ ಕಾಲ, ಮನೆಯೆಲ್ಲ ಘಾಟು. ಮಾತಾಡಿದರೆ ಬರೀ ಗಾಳಿ ಬರುತ್ತಿತ್ತು. ಅರಕಲಗೂಡಿನ ಡಾಕ್ಟರ ಮಾತ್ರೆ, ಅಜ್ಜಿಯ ಕಷಾಯ ಎರಡೂ ಆದವು. ಹಿಂದಿನ ದಿನ ಸಂಜೆಯೂ ಸ್ವರವಿಲ್ಲ. ಅಕ್ಕ ದೇವರ ಮುಂದೆ ಅವಳನ್ನು ನಿಲ್ಲಿಸಿಕೊಂಡು ಏನೋ ಹೇಳಿಕೊಳ್ಳುತ್ತಿದ್ದುದನ್ನು ನಾನು ಕಂಡೆ. ಏನೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹರಕೆ ತೀರುವ ಮುಂಚೆ ಬಾಯಿ ಬಿಟ್ಟು ಹೇಳುವುದು ನಮ್ಮಲ್ಲಿ ಇಲ್ಲ.

ಬೆಳಿಗ್ಗೆ ಹಾಸನದ ಬಸ್ಸಿನಲ್ಲಿ ಹುಡುಗಿ ಕಿಟಕಿಗೆ ಮುಖ ಕೊಟ್ಟು ಕೂತು ಇದ್ದಕ್ಕಿದ್ದಂತೆ ಹಾಡಿದಳು. ಗಂಟಲು ಬಿಟ್ಟಿತ್ತು. ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ತಿರುಗಿ ನೋಡಿದ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ಚನ್ನರಾಯಪಟ್ಟಣದ ದಿಕ್ಕಿಗೆ ಕೈ ಮುಗಿದಳು. ಆ ಕಡೆಯ ಗುಡ್ಡದ ಮೇಲೆ ಅವರ ಮನೆದೇವರು ರಂಗಪ್ಪ ಇದ್ದಾನೆ.

ರೆಕಾರ್ಡಿಂಗ್ ಎಷ್ಟು ಚೆನ್ನಾಗಿ ಆಯಿತೆಂದರೆ, ಮೇಷ್ಟ್ರು ಗಾಜಿನ ಆಚೆಯಿಂದ ಎದ್ದು ಬಂದು ನನಗೆ ಹೇಳಿದರು: "ನಾನು ಆಡಿದ ಮಾತು ವಾಪಸ್ ತಗೊಂಡಿದೀನಿ ತಾಯಿ." ನಾನು ಗೆದ್ದೆ ಅಂದುಕೊಂಡೆ. ಆವತ್ತು ನಿಜವಾಗಿ ಗೆದ್ದಿದ್ದೆ ಕೂಡ.

ಮಾರನೆಯ ದಿನದಿಂದ ಶೂಟಿಂಗಿನ ಹಿಂದಿನ ದಿನದವರೆಗೆ ನನಗೆ ಹಾಸನದಲ್ಲೇ ಶಿಕ್ಷಕರ ತರಬೇತಿ, ಊರಿಗೆ ಬರಲಾಗಲಿಲ್ಲ. ಶೂಟಿಂಗ್ ಇದ್ದದ್ದು ಹೊಳೆನರಸೀಪುರದಲ್ಲಿ, ಹೇಮಾವತಿಯ ಸೋಪಾನದ ಮೇಲೆ. ನಾನು ನೇರ ಅಲ್ಲಿಗೇ ಬರುವುದು, ಮಕ್ಕಳನ್ನು ನಮ್ಮ ಶಾಲೆಯ ಇನ್ನೊಬ್ಬ ಮೇಷ್ಟ್ರು ಟೆಂಪೋದಲ್ಲಿ ಕರೆತರುವುದು ಎಂದು ಮಾತಾಗಿತ್ತು. ಹಾಸನದ ವಿಡಿಯೊದವನು ನನಗಿಂತ ಮುಂಚೆ ಬಂದು ಕ್ಯಾಮೆರಾ ನಿಲ್ಲಿಸಿಕೊಂಡಿದ್ದ. ಮದುವೆಗಳನ್ನು ತೆಗೆಯುವವನು, ಒಳ್ಳೆಯ ಮನುಷ್ಯ. ಸಂಗೀತದ ಮೇಷ್ಟ್ರು ಛತ್ರಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು.

ಟೆಂಪೋ ಬಂತು. ಮಕ್ಕಳು ದುಡುದುಡು ಇಳಿದರು. ಹೂವು, ಬಳೆ, ಪೌಡರು. ಕೊನೆಗೆ ಅಕ್ಕ ಇಳಿದಳು, ಅವಳ ಕೈ ಹಿಡಿದು ಮಗಳು. ತಲೆಗೆ ಟವೆಲ್ ಸುತ್ತಿತ್ತು. ಬಿಸಿಲಿಗಿರಬೇಕು ಎಂದುಕೊಂಡೆ.

ಅಕ್ಕ ಸಂಭ್ರಮದಿಂದ ಬಂದು ನನ್ನ ಕೈಗೆ ಒಂದು ಪೊಟ್ಟಣ ಇಟ್ಟಳು. "ತಕೊ, ರಂಗಪ್ಪನ ಪರಸಾದ. ಶನಿವಾರ ಓಗಿದ್ವಿ."

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಟವೆಲ್ ಎಳೆದ. "ಲೇ, ಗಾಂದಿತಾತ ನೋಡ್ರಲಾ!"

ನುಣ್ಣಗೆ ಬೋಳಿಸಿದ ತಲೆ. ಗಂಧ ಹಚ್ಚಿದ್ದು ಒಣಗಿ ಬಿರುಕು ಬಿಟ್ಟಿತ್ತು. ಹಸಿರು ಲಂಗ ಉಟ್ಟಿದ್ದಳು. ಕೈಯಲ್ಲಿ ಜಡೆ ಕುಚ್ಚು ಹಿಡಿದುಕೊಂಡಿದ್ದಳು. ಅದನ್ನು ಯಾಕೆ ತಂದಿದ್ದಳೋ ನನಗೆ ಇವತ್ತಿಗೂ ತಿಳಿಯದು.

"ಏನಕ್ಕ ಇದು?"

"ಏನು ಅಂದ್ರೆ? ಮುಡಿ. ಗಂಟ್ಲು ಬುಟ್ರೆ ಮುಡಿ ಕೊಡುಸ್ತೀನಿ ಅಂತ ಅರಕೆ ಕಟ್ಕಂಡಿದ್ದೆ. ಬಸ್ನಲ್ಲಿ ನಿನ್ ಮುಂದೇನೇ ಬುಡ್ತಲ್ಲ. ಆಮ್ಯಾಕೆ ದೇವ್ರ ಬಾಕಿ ಮಡಿಕ್ಕಂಡು ಕೂತ್ಕಳಕಾಯ್ತದಾ?"

"ಇವತ್ತು ಶೂಟಿಂಗ್ ಅಕ್ಕ."

"ಅದ್ಕೇ ಅಲ್ವಾ ಬಂದಿರಾದು. ಗುಡಿ ಇಡೀತಾರೆ, ಒಳೆ ಇಡೀತಾರೆ, ದೇವ್ರನ್ನ ಇಡೀತಾರೆ."

"ಮಕ್ಕಳನ್ನ ಹಿಡೀತಾರೆ. ಇವಳನ್ನ ಮುಂದೆ ನಿಲ್ಲಿಸಬೇಕಿತ್ತು."

"ದೇವ್ರ ಪದಕ್ಕೆ ಐಕ್ಳ ಮಖ ಯಾಕವ್ವ?" ಎಂದಳು. ನಿಜಕ್ಕೂ ತಿಳಿಯದೆ ಕೇಳಿದ್ದು.

ಅವಳದು ದಡ್ಡತನ ಎಂದು ಯಾರಾದರೂ ಅಂದರೆ ನನಗೆ ಕೋಪ ಬರುತ್ತದೆ. ಆಗ ಟೀವಿಯಲ್ಲಿ ಭಕ್ತಿಗೀತೆ ಎಂದರೆ ವಿಗ್ರಹ, ದೀಪ, ಮಂಗಳಾರತಿ, ನಡುವೆ ಒಂದು ಜಲಪಾತ. ಹಾಡಿದವರ ಮುಖ ಯಾರು ಕಂಡಿದ್ದರು? ಹಾಡಿದ್ದು ಆಯಿತು, ಮಗಳ ಕೆಲಸ ಮುಗಿಯಿತು, ಇನ್ನು ದೇವರಿಗೆ ಮಾತು ಕೊಟ್ಟದ್ದನ್ನು ತೀರಿಸಬೇಕು ಎಂದು ಅವಳು ಲೆಕ್ಕ ಹಾಕಿದ್ದಳು. ಮಗಳು ಟೀವಿಯಲ್ಲಿ ಮುಂದೆ ನಿಲ್ಲುತ್ತೇನೆ ಎಂದು ಊರಿಗೆಲ್ಲ ಹೇಳಿದ್ದು ಅವಳಿಗೆ ಮಕ್ಕಳಾಟದ ಮಾತಾಗಿತ್ತು.

"ನಾನ್ ಯೋಳ್ದೆ ಚಿಕ್ಕವ್ವ," ಎಂದಳು ಹುಡುಗಿ. "ಗುಡ್ಡದ ಮ್ಯಾಲೂ ಯೋಳ್ದೆ. ಅವ್ವ ಕೇಳ್ನಿಲ್ಲ."

"ಮುಡಿ ಕೊಡಾಕ್ ಅಂಜ್ಕಂಡು ಅಂಗಂತಳೆ ಅಂದ್ಕಂಡೆ," ಎಂದಳು ಅಕ್ಕ. ಧ್ವನಿ ಆಗಲೇ ಸಣ್ಣಗಾಗಿತ್ತು.

ವಿಡಿಯೊದವನು ನನ್ನನ್ನು ಪಕ್ಕಕ್ಕೆ ಕರೆದ. "ಮೇಡಂ, ನನ್ನದೇನೂ ಇಲ್ಲ. ನಮ್ಮನೇಲೂ ಮುಡಿ ಕೊಡ್ತೀವಿ. ಆದ್ರೆ ಧನುರ್ಮಾಸದಲ್ಲಿ ಬೆಳಗಾಗೆದ್ದು ಸ್ನಾನ ಮಾಡಿ ಟೀವಿ ಹಾಕೋ ಜನ. ಹೆಣ್ಣುಮಗು, ಬೋಳು ತಲೆ... ಸಮಿತಿ ಹಿರೀಕರು ಒಪ್ಪಲ್ಲ."

ಛತ್ರಿ ಮಡಿಸಿ ಎದ್ದವರು ಮೇಷ್ಟ್ರು. "ದೇವರಿಗೆ ಕೊಟ್ಟ ತಲೆಯಪ್ಪ ಅದು. ಅದಕ್ಕಿಂತ ಮಂಗಳ ಏನಿದೆ? ಹಾಡಿದವಳು ಮುಂದೆ ನಿಲ್ಲಲಿ."

"ನಿಮ್ಮ ಕೇರೀಲೇ ಕೇಳಿ ನೋಡಿ ಮೇಷ್ಟ್ರೇ, ಏನಂತಾರೆ ಅಂತ."

ಮೇಷ್ಟ್ರು ಮತ್ತೆ ಛತ್ರಿ ಬಿಚ್ಚಿಕೊಂಡರು. ಅವರ ಮನೆಯಲ್ಲೇ, ಗಂಡ ಸತ್ತ ಮೇಲೆ ಕೆಂಪು ಸೀರೆ ಉಟ್ಟು, ತಲೆ ಬೋಳಿಸಿಕೊಂಡು, ಹಬ್ಬದ ದಿನ ಹೊರಗೆ ಕಾಣಿಸಿಕೊಳ್ಳದ ಸೋದರತ್ತೆಯೊಬ್ಬರು ಬಹಳ ಕಾಲ ಬದುಕಿದ್ದರಂತೆ. ನಮ್ಮ ಕಡೆ ಬೋಳು ತಲೆ ಎಂದರೆ ಹರಕೆ ತೀರಿತು ಎಂಬ ಸಂತೋಷ. ಅವರ ಕೇರಿಯಲ್ಲಿ ಅದರ ಅರ್ಥ ಬೇರೆ. ಒಂದೇ ಹೊಳೆಯ ನೀರು ಕುಡಿಯುವ ಜನ ನಾವು.

ನಾನು ಜಗಳವನ್ನೇ ಆಡಿದೆ. ಕೂದಲು ಬರುವವರೆಗೆ ಕಾಯಿರಿ ಎಂದೆ. ಧನುರ್ಮಾಸ ಕಾಯುತ್ತಾ ಮೇಡಂ ಎಂದ. ಕೊನೆಗೆ ಹಿಂದಿನ ಸಾಲಿನಲ್ಲಿ, ಎತ್ತರದ ಹುಡುಗರ ನಡುವೆ ನಿಲ್ಲಿಸಲು ಒಪ್ಪಿದ. ಒಪ್ಪದವಳು ಹುಡುಗಿ. "ಇಂದ್ಕೆ ನಿಂತ್ಕಳಲ್ಲ," ಎಂದಳು. ಅವಳು ಅಷ್ಟು ದಿನ ಹಿಡಿದುಕೊಂಡಿದ್ದ ಹಕಾರ ಆವತ್ತು ಬಿಟ್ಟುಹೋಗಿತ್ತು.

ಮುಂದೆ ನಿಂತವಳು ಅವಳ ಪಕ್ಕದಲ್ಲೇ ಬೆಂಚಿನಲ್ಲಿ ಕೂರುವ ಗೆಳತಿ. ಟೇಪು ಹಾಕಿದರು. ಹೊಳೆಯ ಮೇಲೆ ಅಕ್ಕನ ಮಗಳ ಸ್ವರ ಎದ್ದಿತು. ಗೆಳತಿ ಬಾಯಿ ಆಡಿಸಿದಳು, ಆದರೆ ಕೂಡಿಬರಲಿಲ್ಲ. ಪದ ಗೊತ್ತಿತ್ತು, ಎಲ್ಲಿ ಉಸಿರು ತೆಗೆಯುವುದೆಂದು ಗೊತ್ತಿರಲಿಲ್ಲ. ಟೇಪಿನಲ್ಲಿ ಸ್ವರ ನಿಂತಾಗ ಇವಳ ಬಾಯಿ ತೆರೆದಿರುತ್ತಿತ್ತು. ಸ್ವರ ಏರುವಾಗ ಇವಳು ನುಂಗುತ್ತಿದ್ದಳು. ಮತ್ತೆ ಮತ್ತೆ ತೆಗೆದರು. ಬಿಸಿಲು ಏರಿತು. ಗೆಳತಿ ಅಳುವ ಹಾಗಾದಳು.

ವಿಡಿಯೊದವನು ಮೆಟ್ಟಿಲಿಳಿದು ಅಕ್ಕನ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. "ಪುಟ್ಟೀ, ಒಂದು ಸಹಾಯ ಮಾಡ್ತೀಯಾ? ಕ್ಯಾಮೆರಾ ಕೆಳಗೆ ಕೂತ್ಕೊಂಡು ನೀನು ಬಾಯಿ ಆಡಿಸು. ಅವಳು ನಿನ್ನ ನೋಡ್ಕೊಂಡು ಮಾಡ್ತಾಳೆ."

ಬೇಡ ಎನ್ನಲು ನಾನು ಎದ್ದೆ. ಅಷ್ಟರಲ್ಲಿ ಹುಡುಗಿ ಎದ್ದು ಹೋಗಿದ್ದಳು.

ಕ್ಯಾಮೆರಾದ ಮೂರು ಕಾಲುಗಳ ಬುಡದಲ್ಲಿ, ಕಲ್ಲಿನ ಮೇಲೆ ಮಂಡಿ ಮಡಿಸಿ ಕೂತಳು. ಟೇಪು ಹಾಡಿತು. ಇವಳು ಸದ್ದಿಲ್ಲದೆ ಹಾಡಿದಳು. ಉಸಿರು ತೆಗೆಯುವ ಕಡೆ ಗೆಳತಿಗೆ ಕಾಣಲಿ ಎಂದು ಭುಜ ಎತ್ತಿ ತೋರಿಸಿದಳು. ಸ್ವರ ಏರುವ ಕಡೆ ಅಂಗೈ ಮೇಲೆತ್ತಿದಳು. ಹರಿ ಎಂಬ ಮಾತು ಬಂದಾಗಲೆಲ್ಲ ಬಾಯಿಯನ್ನು ದೊಡ್ಡದಾಗಿ ತೆರೆದಳು. ಮೇಲೆ ಗೆಳತಿ ಅವಳ ಮೇಲೆ ಕಣ್ಣಿಟ್ಟು ಹಾಗೆಯೇ ಮಾಡಿದಳು. ಹಿಂದಿನ ಸಾಲಿನವರು ನಗು ನಿಲ್ಲಿಸಿದ್ದರು. ಮೇಷ್ಟ್ರು ಹೊಳೆಯ ಕಡೆ ತಿರುಗಿ ನಿಂತಿದ್ದರು. ಅಕ್ಕ ಮೆಟ್ಟಿಲ ಕೊನೆಗೆ ಹೋಗಿ ನೀರಿನಲ್ಲಿ ಕಾಲಿಟ್ಟು ಕೂತಿದ್ದಳು, ಇತ್ತ ನೋಡಲೇ ಇಲ್ಲ.

ಆ ಸಲ ಎಲ್ಲ ಕೂಡಿಬಂತು. ವಿಡಿಯೊದವನು "ಸೂಪರ್" ಎಂದು ಕೂಗಿದ, ಆಮೇಲೆ ಕೂಗಿದ್ದಕ್ಕೆ ತಾನೇ ತಲೆ ತಗ್ಗಿಸಿದ.

"ಇನ್ ಸಾಕಾ?" ಎಂದು ಹುಡುಗಿ ಕೇಳಿದಳು. ಟವೆಲ್ ಎತ್ತಿಕೊಂಡು ಹೋಗಿ ಟೆಂಪೋ ಒಳಗೆ ಕೂತಳು.

ಧನುರ್ಮಾಸದಲ್ಲಿ ಹಾಡು ಬಂತು. ನಮ್ಮ ಹಳ್ಳಿಗೆ ಕೇಬಲ್ ಇರಲಿಲ್ಲ, ಅರಕಲಗೂಡಿನಲ್ಲಿ ನೆಂಟರ ಮನೆಯಲ್ಲಿ ನಾನು ನೋಡಿದೆ. ಅಕ್ಕ ಬರಲಿಲ್ಲ, ಹುಡುಗಿಯಂತೂ ಸರಿಯೇ. ಎಲ್ಲಿಂದಲೋ ತಂದು ಸೇರಿಸಿದ ಮಂಜು, ಹೊಳೆ, ಗೋಪುರ, ಮುಂದೆ ಆ ಗೆಳತಿ. ಅವಳು ಸ್ವಲ್ಪ ಕೆಳಗೆ ನೋಡಿಕೊಂಡು ಹಾಡುತ್ತಿದ್ದಳು. ದೇವರ ಪಾದ ನೋಡುತ್ತಿರುವ ಹಾಗೆ ಕಾಣುತ್ತಿತ್ತು. "ಎಷ್ಟು ಭಕ್ತಿ ನೋಡಿ ಮಗೂಗೆ," ಎಂದರು ನೆಂಟರ ಮನೆಯವರು. ನಾನು ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದೆ.

ಆ ಗೆಳತಿಯನ್ನು ಬೈಯುವಂತಿಲ್ಲ. ಹೊಗಳಿದವರಿಗೆಲ್ಲ ಅವಳು "ನಾನಲ್ಲ, ಅವ್ಳು ಆಡಿರಾದು" ಎಂದೇ ಹೇಳಿದಳು. ಜನ ಅದನ್ನು ವಿನಯ ಎಂದುಕೊಂಡರು.

ಅಕ್ಕನ ಮಗಳು ಹಾಡುವುದನ್ನು ಬಿಟ್ಟಳು. ಹಟ ಮಾಡಿ ಬಿಟ್ಟದ್ದಲ್ಲ. ಕೇಳಿದರೆ ಬರುವುದಿಲ್ಲ ಎನ್ನುತ್ತಿದ್ದಳು. ಶಾಲೆಯ ಪ್ರಾರ್ಥನೆಯಲ್ಲಿ ಅವಳ ಬಾಯಿ ಸರಿಯಾಗಿ ಆಡುತ್ತಿತ್ತು. ಹತ್ತಿರ ಹೋಗಿ ಕಿವಿ ಕೊಟ್ಟು ಕೇಳಿದೆ, ಸದ್ದಿರಲಿಲ್ಲ. ನಾನು ಓದಿದ ಬಿ.ಎಡ್.ನಲ್ಲಿ ಇದಕ್ಕೆ ಏನೂ ಇರಲಿಲ್ಲ. ಬ್ಯಾರನ್ನಿನ ಮುಂದೆ ಅಕ್ಕ ಒಂದು ಸಾಲು ಹೇಳಿ ನಿಲ್ಲಿಸಿ ಕಾಯುತ್ತಿದ್ದಳಂತೆ. ಮಗಳು ತಲೆ ಬಗ್ಗಿಸಿ ಎಲೆ ಕಟ್ಟುತ್ತಿದ್ದಳಂತೆ. ಆಮೇಲಾಮೇಲೆ ಅಕ್ಕನೂ ಪದ ನಿಲ್ಲಿಸಿದಳು. ಕಡ್ಡಿಗೆ ಸೊಪ್ಪು ಕಟ್ಟುವ ಸದ್ದೊಂದೇ ಉಳಿಯಿತು ಎಂದು ಜೊತೆಯ ಹೆಂಗಸರು ನನಗೆ ಹೇಳಿದರು.

ಸಂಕ್ರಾಂತಿ ಕಳೆದ ಮೇಲೆ ಸಮಿತಿಯವರು ಹಾಸನದಲ್ಲಿ ಸಿ.ಡಿ. ಬಿಡುಗಡೆ ಇಟ್ಟುಕೊಂಡರು. ಎಲ್ಲ ಮಕ್ಕಳಿಗೆ ಸರ್ಟಿಫಿಕೇಟು. ಮುಂಚಿನ ದಿನವೇ ನಾನು ಹೋಗಿ ನೋಡಿದೆ. ಮುಖ್ಯ ಗಾಯನ ಎಂದು ಗೆಳತಿಯ ಹೆಸರು ಬರೆದಿದ್ದರು, ಅಕ್ಕನ ಮಗಳ ಹೆಸರಿಗೆ ಸಮೂಹ ಎಂದಿತ್ತು. ವಿಡಿಯೊ ನೋಡಿ ಬರೆದದ್ದು.

"ಚಿತ್ರದಲ್ಲಿ ಇಲ್ಲದ ಹುಡುಗೀನ ಮುಖ್ಯ ಅನ್ನೋದು ಹೇಗಮ್ಮ?" ಎಂದರು ಸಮಿತಿಯ ಹಿರಿಯರು.

"ಚಿತ್ರದಿಂದ ಅವಳನ್ನ ತೆಗೆದಿರಿ, ಆಯ್ತು. ಹಾಡಿಂದ ತೆಗೆಯೋಕೆ ಆಗುತ್ತಾ? ತೆಗೆಯಿರಿ ನೋಡೋಣ, ಏನು ಉಳಿಯುತ್ತೆ ಅಂತ."

ಜೋರಾಗಿಯೇ ಹೇಳಿದೆ. ಸಂಗೀತದ ಮೇಷ್ಟ್ರು ಅಲ್ಲೇ ಇದ್ದರು. ಹೊಸ ಹಾಳೆ ತರಿಸಿ, ಅಕ್ಕನ ಮಗಳ ಹೆಸರಿಗೆ ಮುಖ್ಯ ಗಾಯನ ಎಂದು ತಮ್ಮ ಪೆನ್ನಿನಿಂದ ತಾವೇ ಬರೆದರು.

ಆ ದಿನ ಹುಡುಗಿಯನ್ನು ಹೊರಡಿಸಲು ಆಗಲಿಲ್ಲ. ಕೂದಲು ಹುಡುಗರ ಕ್ರಾಪಿನಷ್ಟು ಬಂದಿತ್ತು. ಬಸ್ಸಿನ ತನಕ ಬಂದಳು, ಹತ್ತಲಿಲ್ಲ. ಅಕ್ಕ ಒಬ್ಬಳೇ ನನ್ನ ಜೊತೆ ಬಂದಳು, ಮದುವೆಗೆ ಉಡುವ ಸೀರೆ ಉಟ್ಟು. ವೇದಿಕೆಯಿಂದ ಹೆಸರು ಕೂಗಿದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದರು. ನಾನು ಏಳುವಷ್ಟರಲ್ಲಿ ಅಕ್ಕ ಎದ್ದಿದ್ದಳು. ಚಪ್ಪಲಿ ಕುರ್ಚಿಯ ಹತ್ತಿರವೇ ಬಿಟ್ಟು, ಗುಡಿಗೆ ಹೋಗುವವಳ ಹಾಗೆ ನಡೆದಳು. ಮೇಷ್ಟ್ರು ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟು ಕೈ ಮುಗಿದರು. ಅವಳು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಜನ ಚಪ್ಪಾಳೆ ತಟ್ಟಿದರು.

ವಾಪಸ್ ಬಂದು ಕೂತು, "ಏನ್ ಬರ್ದವ್ರೆ, ಓದು. ನಂಗ್ ಅಕ್ಸರ ಮರ್ತೋಗವೆ," ಎಂದಳು. ಓದಿದೆ. "ಅವ್ಳ ಎಸ್ರು ಎಲ್ಲೈತೆ?" ಬೆರಳಿಟ್ಟು ತೋರಿಸಿದೆ. ಆ ಅಕ್ಷರಗಳ ಮೇಲೆ ಅವಳೂ ಬೆರಳು ಆಡಿಸಿದಳು. ವೇದಿಕೆಯ ಮೇಲೆ ಬೇರೆ ತಾಲೂಕಿನ ಮಕ್ಕಳು ಹಾಡಲು ಶುರು ಮಾಡಿದರು. ಅವಳು ಹಾಳೆಯನ್ನು ನನ್ನ ಮಡಿಲಿಗೆ ಇಟ್ಟಳು.

"ಮನೇಗ್ ತಕಬತ್ತೀನಿ ಅಂತ ಬಂದೆ, ಬ್ಯಾಡ ಕಣವ್ವ. ಅವ್ಳ ಕಣ್ಣಿಗೆ ಬೀಳ್ದಂಗೆ ನೀನೇ ಮಡಿಕ್ಕೊ. ದೊಡ್ಡೋಳಾದ್ ಮ್ಯಾಲೆ ಅವ್ಳಾಗೇ ಕೇಳುದ್ರೆ ಕೊಡು. ಕೇಳ್ದೆ ಇದ್ರೆ, ನಾನೂ ಕೇಳಾಕಿಲ್ಲ."